ಕ್ಯಾಂಪರ್‌ವ್ಯಾನ್ ಪರಿವರ್ತನೆ

ಕ್ಯಾಂಪರ್‌ವ್ಯಾನ್ ಪರಿವರ್ತನೆ ಎಂದರೆ ಸರಕು ಸಾಗಣೆಗಾಗಿ ತಯಾರಾದ ವ್ಯಾನಿನ ಒಳಭಾಗವನ್ನು ಮಲಗಲು, ಅಡುಗೆ ಮಾಡಲು ಮತ್ತು ಕೆಲವು ದಿನ ವಾಸಿಸಲು ಅನುಕೂಲವಾಗುವಂತೆ ಮಾರ್ಪಡಿಸುವ ಕೆಲಸ. ಇದನ್ನು ವೃತ್ತಿಯಾಗಿ ಕೈಗೊಳ್ಳುವ ಉದ್ಯಮಗಳನ್ನು ಪರಿವರ್ತಕ ಸಂಸ್ಥೆಗಳೆಂದು ಕರೆಯಲಾಗುತ್ತದೆ. ಆಸನಗಳ ಬೋಲ್ಟುಗಳು, ಅನಿಲದ ಕೊಳವೆಗಳು, ವಿದ್ಯುತ್ ತಂತಿಗಳು ಮುಂತಾಗಿ ವಾಹನದ ಸುರಕ್ಷತೆಯನ್ನು ನಿರ್ಧರಿಸುವ ಭಾಗಗಳು ಕೆಲಸ ಮುಗಿದ ಮೇಲೆ ಹಲಗೆಗಳ ಹಿಂದೆ ಮರೆಯಾಗುತ್ತವೆ. ಸಿದ್ಧವಾದ ವಾಹನವನ್ನು ನೋಡಿದ ಮಾತ್ರಕ್ಕೆ ಅವುಗಳ ಗುಣಮಟ್ಟ ತಿಳಿಯುವುದಿಲ್ಲ. ಆದ್ದರಿಂದ ಪರಿವರ್ತಕ ಸಂಸ್ಥೆಯ ಆಯ್ಕೆಯಲ್ಲಿ ಒಳಾಂಗಣದ ಅಂದಕ್ಕಿಂತ ಪರೀಕ್ಷಾ ದಾಖಲೆಗಳು ಮತ್ತು ಒಪ್ಪಂದದ ನಿಬಂಧನೆಗಳು ಹೆಚ್ಚು ಮಹತ್ವ ಪಡೆಯುತ್ತವೆ. ಈ ಲೇಖನವು ಮುಖ್ಯವಾಗಿ ಬ್ರಿಟನ್ನಿನಲ್ಲಿರುವ ಪದ್ಧತಿಯನ್ನು ವಿವರಿಸುತ್ತದೆ. ಭಾರತದ ಕಾನೂನನ್ನು ಕೊನೆಯ ವಿಭಾಗದಲ್ಲಿ ನೀಡಲಾಗಿದೆ.

ಹೆಸರು

ಬ್ರಿಟನ್ನಿನಲ್ಲಿ 'ಕ್ಯಾರವಾನ್' ಎಂದರೆ ಸಾಮಾನ್ಯವಾಗಿ ಕಾರಿನ ಹಿಂದೆ ಕಟ್ಟಿ ಎಳೆಯುವ, ಎಂಜಿನ್ ಇಲ್ಲದ ಮನೆಗಾಡಿ. ಸ್ವಂತ ಎಂಜಿನ್ ಇರುವ ವಾಸಯೋಗ್ಯ ವಾಹನಕ್ಕೆ ಅಲ್ಲಿನ ನೋಂದಣಿ ದಾಖಲೆಗಳಲ್ಲಿ 'ಮೋಟಾರ್ ಕ್ಯಾರವಾನ್' ಎಂಬ ಪದವಿದೆ. ವ್ಯಾನಿನ ಮೂಲ ಲೋಹದ ಕವಚವನ್ನು ಉಳಿಸಿಕೊಂಡಿರುವುದು ಕ್ಯಾಂಪರ್‌ವ್ಯಾನ್. ಚಾಸಿಯ ಮೇಲೆ ಪ್ರತ್ಯೇಕ ಕೋಣೆಯನ್ನು ಕಟ್ಟಿರುವುದು ಮೋಟಾರ್‌ಹೋಮ್. ಕರ್ನಾಟಕದಲ್ಲಿ ಚಲನಚಿತ್ರ ಚಿತ್ರೀಕರಣದ ವೇಳೆ ನಟನಟಿಯರು ವಿಶ್ರಾಂತಿಗೆ ಬಳಸುವ ವಾಹನವನ್ನೂ 'ಕ್ಯಾರವಾನ್' ಎನ್ನುವುದು ರೂಢಿಯಲ್ಲಿದೆ.

ಇತಿಹಾಸ

ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು 1950ರಲ್ಲಿ ಟೈಪ್ 2 ವ್ಯಾನಿನ ಉತ್ಪಾದನೆಯನ್ನು ಆರಂಭಿಸಿತು. 1844ರಲ್ಲಿ ಸ್ಥಾಪನೆಯಾಗಿ ಕುದುರೆಗಾಡಿಗಳನ್ನು ತಯಾರಿಸುತ್ತಿದ್ದ ವೆಸ್ಟ್‌ಫಾಲಿಯಾ ಸಂಸ್ಥೆಯು 1951ರಲ್ಲಿ ಈ ವ್ಯಾನಿಗಾಗಿ 'ಕ್ಯಾಂಪಿಂಗ್ ಬಾಕ್ಸ್' ಎಂಬ ಪೀಠೋಪಕರಣಗಳ ಜೋಡಣೆಯನ್ನು ರೂಪಿಸಿತು. ಅದನ್ನು ಬೇಕಾದಾಗ ಕಳಚಿಡಬಹುದಾಗಿದ್ದರಿಂದ, ವಾರದ ದಿನಗಳಲ್ಲಿ ಸರಕು ಸಾಗಿಸುವ ವ್ಯಾನನ್ನೇ ರಜೆಯಲ್ಲಿ ಪ್ರವಾಸಕ್ಕೆ ಬಳಸಲು ಸಾಧ್ಯವಾಯಿತು.

ಬ್ರಿಟನ್ನಿನಲ್ಲಿ ಫೋಕ್‌ಸ್ಟನ್ ಪಟ್ಟಣದ ಮಾರ್ಟಿನ್ ವಾಲ್ಟರ್ ಸಂಸ್ಥೆಯು 1950ರ ದಶಕದಲ್ಲಿ ಬೆಡ್‌ಫರ್ಡ್ ಸಿಎ ವ್ಯಾನುಗಳನ್ನು 'ಡಾರ್ಮೊಬೈಲ್' ಎಂಬ ಹೆಸರಿನಲ್ಲಿ ಪರಿವರ್ತಿಸಿ ಮಾರಿತು. ಒಂದು ಬದಿಗೆ ತೆರೆದುಕೊಳ್ಳುವ, ಪಟ್ಟೆ ಬಟ್ಟೆಯ ಮೇಲ್ಛಾವಣಿಯಿಂದ ಪ್ರಸಿದ್ಧವಾದ ಈ ಹೆಸರು ಕ್ರಮೇಣ ಎಲ್ಲ ಕ್ಯಾಂಪರ್‌ವ್ಯಾನ್‌ಗಳಿಗೂ ಆಡುಮಾತಿನಲ್ಲಿ ಬಳಕೆಯಾಯಿತು.

ಪರಿವರ್ತಕರ ವಿಧಗಳು

ವಾಹನ ತಯಾರಕರೇ ಕಾರ್ಖಾನೆಯಲ್ಲಿ ಕ್ಯಾಂಪರ್‌ವ್ಯಾನ್ ತಯಾರಿಸುವುದುಂಟು. ಫೋಕ್ಸ್‌ವ್ಯಾಗನ್ 2003ರಿಂದ ತನ್ನ ಕ್ಯಾಲಿಫೋರ್ನಿಯಾ ಮಾದರಿಯನ್ನು ತಾನೇ ನಿರ್ಮಿಸುತ್ತಿದೆ. ಎರಡನೆಯ ವರ್ಗವು ತಯಾರಕರ ಮಾನ್ಯತೆ ಪಡೆದ ಪರಿವರ್ತಕರದು. ಇಂತಹ ಮಾನ್ಯತೆಗೆ ಫೋರ್ಡ್ ಸಂಸ್ಥೆಯ 'ಕ್ಯೂವಿಎಂ' ಯೋಜನೆಯು ಉದಾಹರಣೆ. ಮೂರನೆಯದು ಸ್ವತಂತ್ರ ಕಾರ್ಯಾಗಾರಗಳು. ಇವು ಗ್ರಾಹಕರ ಇಚ್ಛೆಯಂತೆ ವಿನ್ಯಾಸವನ್ನು ಬದಲಿಸಿಕೊಡುತ್ತವೆ. ಆದರೆ ಕೆಲಸದ ಗುಣಮಟ್ಟ ಒಂದೊಂದರಲ್ಲಿ ಒಂದೊಂದು ರೀತಿ ಇರುತ್ತದೆ. ಮಾಲೀಕರೇ ಸ್ವತಃ ಪರಿವರ್ತಿಸಿಕೊಂಡು, ಅನಿಲ ಮತ್ತು ಆಸನಗಳ ಕೆಲಸವನ್ನು ಮಾತ್ರ ವೃತ್ತಿಪರರಿಗೆ ವಹಿಸುವುದೂ ಸಾಮಾನ್ಯ.

ಫಿಯೆಟ್ ಡುಕಾಟೊ, ಫೋರ್ಡ್ ಟ್ರಾನ್ಸಿಟ್, ಮರ್ಸಿಡಿಸ್-ಬೆಂಜ್ ಸ್ಪ್ರಿಂಟರ್ ಮತ್ತು ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್ ಯುರೋಪಿನಲ್ಲಿ ಹೆಚ್ಚಾಗಿ ಬಳಕೆಯಾಗುವ ಮೂಲ ವಾಹನಗಳು.

ಆಯ್ಕೆಯಲ್ಲಿ ಪರಿಗಣಿಸುವ ತಾಂತ್ರಿಕ ಅಂಶಗಳು

ತೂಕ

ಪ್ರತಿ ವಾಹನಕ್ಕೂ ಹೇರು ಸಹಿತ ಗರಿಷ್ಠ ತೂಕದ ಮಿತಿಯಿದೆ. ಬ್ರಿಟನ್ನಿನಲ್ಲಿ ಸಾಮಾನ್ಯ ಕಾರು ಪರವಾನಗಿಯಿಂದ 3,500 ಕಿ.ಗ್ರಾಂವರೆಗಿನ ವಾಹನವನ್ನು ಚಲಾಯಿಸಬಹುದು. 1997ರ ಜನವರಿ 1ಕ್ಕೆ ಮೊದಲು ಕಾರು ಚಾಲನಾ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಈ ಮಿತಿಯು ಸಾಮಾನ್ಯವಾಗಿ 7,500 ಕಿ.ಗ್ರಾಂ. ಮರದ ಕಪಾಟು, ಬ್ಯಾಟರಿ, ನೀರಿನ ತೊಟ್ಟಿ ಮತ್ತು ಮೇಲ್ಛಾವಣಿಗಳೆಲ್ಲವೂ ಈ ಮಿತಿಯೊಳಗೇ ಸೇರಬೇಕು.

ಉದಾಹರಣೆಗೆ, 3,500 ಕಿ.ಗ್ರಾಂ ಮಿತಿಯ ವ್ಯಾನೊಂದು ಪರಿವರ್ತನೆಯ ನಂತರ ಇಂಧನ ಮತ್ತು ಚಾಲಕನನ್ನು ಸೇರಿಸಿ 3,050 ಕಿ.ಗ್ರಾಂ ತೂಗಿದರೆ ಉಳಿಯುವುದು 450 ಕಿ.ಗ್ರಾಂ. ಅದರಲ್ಲಿ 100 ಲೀಟರ್ ನೀರಿಗೆ 100 ಕಿ.ಗ್ರಾಂ, ತಲಾ 75 ಕಿ.ಗ್ರಾಂ ತೂಗುವ ಮೂವರು ಪ್ರಯಾಣಿಕರಿಗೆ 225 ಕಿ.ಗ್ರಾಂ, ಅನಿಲದ ಸಿಲಿಂಡರ್, ಸೈಕಲ್ ಮೊದಲಾದವುಗಳಿಗೆ 80 ಕಿ.ಗ್ರಾಂ ಕಳೆದರೆ ಬಟ್ಟೆಬರೆ ಮತ್ತು ಆಹಾರಕ್ಕೆ 45 ಕಿ.ಗ್ರಾಂ ಮಾತ್ರ ಸಿಗುತ್ತದೆ. ಹೀಗಾಗಿ ಸಿದ್ಧವಾದ ವಾಹನವನ್ನು ತೂಕಸೇತುವೆಯಲ್ಲಿ ತೂಗಿ, ಒಟ್ಟು ತೂಕವನ್ನೂ ಪ್ರತಿ ಅಚ್ಚಿನ ಮೇಲಿನ ಭಾರವನ್ನೂ ಲಿಖಿತವಾಗಿ ನೀಡುವಂತೆ ಒಪ್ಪಂದದಲ್ಲಿಯೇ ಸೇರಿಸಿಕೊಳ್ಳುವುದು ಸೂಕ್ತ.

ಆಸನಗಳು ಮತ್ತು ಸೀಟ್ ಬೆಲ್ಟ್

ಹಿಂಬದಿಯ ಆಸನವು ರಾತ್ರಿ ಹಾಸಿಗೆಯಾಗಿ ಮಡಚಿಕೊಳ್ಳುವಂತಿರುವುದು ಸಾಮಾನ್ಯ ವಿನ್ಯಾಸ. ಅಪಘಾತದ ಕ್ಷಣದಲ್ಲಿ ಪ್ರಯಾಣಿಕರ ಭಾರದ ಹಲವು ಪಟ್ಟು ಬಲವು ಬೆಲ್ಟಿನ ಮೂಲಕ ವಾಹನದ ನೆಲಕ್ಕೆ ವರ್ಗಾವಣೆಯಾಗುತ್ತದೆ. ನೆಲದ ತಗಡು ಅದನ್ನು ತಾಳಿಕೊಳ್ಳದಿದ್ದರೆ ಆಸನವೇ ಕಿತ್ತು ಬರುತ್ತದೆ. ಬೆಲ್ಟು ಬಿಗಿಯುವ ನೆಲೆಗಳ ಬಲವನ್ನು ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 14ನೇ ನಿಯಮಾವಳಿಯಂತೆ ಎಳೆತ ಪರೀಕ್ಷೆಯಿಂದ ಅಳೆಯಲಾಗುತ್ತದೆ. ಆಸನವನ್ನು ಮಾತ್ರ ಪರೀಕ್ಷಿಸಿದ ಪ್ರಮಾಣಪತ್ರ ಸಾಲದು. ಅದೇ ಮಾದರಿಯ ವ್ಯಾನಿನಲ್ಲಿ, ಅದೇ ರೀತಿ ಜೋಡಿಸಿ ಪರೀಕ್ಷಿಸಿದ ದಾಖಲೆ ಇರಬೇಕು.

ಮೇಲ್ಛಾವಣಿ

ಎತ್ತರಿಸಬಲ್ಲ ಮೇಲ್ಛಾವಣಿಯನ್ನು ಅಳವಡಿಸಲು ವ್ಯಾನಿನ ಲೋಹದ ಛಾವಣಿಯನ್ನು ಕತ್ತರಿಸಬೇಕಾಗುತ್ತದೆ. ಛಾವಣಿಯು ವಾಹನದ ಗಟ್ಟಿತನದ ಒಂದು ಭಾಗವಾದ್ದರಿಂದ ಕತ್ತರಿಸಿದ ಅಂಚಿಗೆ ಬಲವರ್ಧಕ ಚೌಕಟ್ಟನ್ನು ಕೂರಿಸುವುದು ಅಗತ್ಯ. ಕತ್ತರಿಸಿದ ಲೋಹಕ್ಕೆ ತುಕ್ಕುನಿರೋಧಕ ಲೇಪನ ಹಚ್ಚದಿದ್ದರೆ ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿದು ನೀರು ಸೋರತೊಡಗುತ್ತದೆ.

ಅನಿಲ ಮತ್ತು ಗಾಳಿಯ ಸಂಚಾರ

ಒಲೆ ಮತ್ತು ಹೀಟರುಗಳಿಗೆ ಬಳಸುವ ಎಲ್‌ಪಿಜಿ ಗಾಳಿಗಿಂತ ಭಾರವಾದುದು. ಸೋರಿಕೆಯಾದಾಗ ಅದು ನೆಲಮಟ್ಟದಲ್ಲಿ ಸಂಗ್ರಹವಾಗುತ್ತದೆ. ಈ ಕಾರಣದಿಂದ ಸಿಲಿಂಡರನ್ನು ವಾಸದ ಭಾಗದಿಂದ ಬೇರ್ಪಟ್ಟ ಗೂಡಿನಲ್ಲಿಟ್ಟು, ಅದರ ತಳದಲ್ಲಿ ಅನಿಲ ಹೊರಹೋಗುವ ರಂಧ್ರವನ್ನು ಇಡಲಾಗುತ್ತದೆ. ಅನಿಲ ಜೋಡಣೆಗೆ ಇಎನ್ 1949 ಎಂಬ ಯುರೋಪಿಯನ್ ಮಾನಕವೂ, ಮೋಟಾರ್ ಕ್ಯಾರವಾನಿನ ವಾಸಯೋಗ್ಯತೆಗೆ ಇಎನ್ 1646 ಮಾನಕವೂ ಇವೆ. ಎಲ್‌ಪಿಜಿ ಮತ್ತು ವಿರಾಮ ವಾಹನಗಳ ಅರ್ಹತೆಯುಳ್ಳ, ಗ್ಯಾಸ್ ಸೇಫ್ ನೋಂದಣಿ ಪಡೆದ ತಂತ್ರಜ್ಞರಿಂದ ಸೋರಿಕೆ ಪರೀಕ್ಷೆಯ ಪ್ರಮಾಣಪತ್ರ ಪಡೆಯುವುದು ಬ್ರಿಟನ್ನಿನ ರೂಢಿ.

ಅಪೂರ್ಣ ದಹನದಿಂದ ಉಂಟಾಗುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಮುಚ್ಚಿದ ವಾಹನದಲ್ಲಿ ನಿದ್ರಿಸುವವರಿಗೆ ಅದು ಪ್ರಾಣಾಪಾಯ ತರಬಲ್ಲದು. ಸದಾ ತೆರೆದಿರುವ ಗಾಳಿಕಿಂಡಿಗಳು ಮತ್ತು ಎಚ್ಚರಿಕೆ ಗಂಟೆ ಇವೆರಡೂ ಅನಿವಾರ್ಯ.

ವಿದ್ಯುತ್

ವಾಸದ ಭಾಗಕ್ಕೆ ಎಂಜಿನ್ ಬ್ಯಾಟರಿಯಿಂದ ಬೇರೆಯಾದ 12 ವೋಲ್ಟ್ ಬ್ಯಾಟರಿ ಇರುತ್ತದೆ. ಹೊಸ ವ್ಯಾನುಗಳ ಸ್ಮಾರ್ಟ್ ಆಲ್ಟರ್ನೇಟರುಗಳು ವೋಲ್ಟೇಜನ್ನು ಆಗಾಗ ಇಳಿಸುವುದರಿಂದ ಹಳೆಯ ರಿಲೇ ಜೋಡಣೆಯಲ್ಲಿ ಈ ಬ್ಯಾಟರಿ ಪೂರ್ಣವಾಗಿ ಚಾರ್ಜ್ ಆಗುವುದಿಲ್ಲ. ಇದಕ್ಕಾಗಿ ಡಿಸಿ-ಡಿಸಿ ಚಾರ್ಜರನ್ನು ಅಳವಡಿಸಲಾಗುತ್ತದೆ. ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಇರುವುದು ಮತ್ತು ತಂತಿಯ ದಪ್ಪವು ಅದರಲ್ಲಿ ಹರಿಯುವ ವಿದ್ಯುತ್ತಿಗೆ ತಕ್ಕಂತಿರುವುದು ಬೆಂಕಿ ಅನಾಹುತವನ್ನು ತಡೆಯುವ ಮೂಲ ನಿಯಮಗಳು. ತಂತಿಗಳ ನಕ್ಷೆಯನ್ನೂ, ಹಲಗೆ ಮುಚ್ಚುವ ಮೊದಲು ತೆಗೆದ ಛಾಯಾಚಿತ್ರಗಳನ್ನೂ ಪಡೆದಿಟ್ಟುಕೊಂಡರೆ ಮುಂದಿನ ದುರಸ್ತಿ ಸುಲಭವಾಗುತ್ತದೆ.

ನೋಂದಣಿ ಮತ್ತು ವೇಗಮಿತಿ

ಪರಿವರ್ತಿತ ವಾಹನದ ದಾಖಲೆಯಲ್ಲಿ 'ಮೋಟಾರ್ ಕ್ಯಾರವಾನ್' ಎಂದು ನಮೂದಾಗಲು ಬ್ರಿಟನ್ನಿನ ಚಾಲಕ ಮತ್ತು ವಾಹನ ಪರವಾನಗಿ ಸಂಸ್ಥೆಗೆ ಅರ್ಜಿ ಸಲ್ಲಿಸಬೇಕು. ಭದ್ರವಾಗಿ ಕೂರಿಸಿದ ಆಸನ ಮತ್ತು ಮೇಜು, ಮಲಗುವ ವ್ಯವಸ್ಥೆ, ಅಡುಗೆಯ ಸೌಲಭ್ಯ, ಸಾಮಾನು ಇಡುವ ಜಾಗ ಇವಿಷ್ಟೇ ಸಾಲುವುದಿಲ್ಲ. ಹೊರಗಿನಿಂದಲೂ ವಾಹನವು ಮೋಟಾರ್ ಕ್ಯಾರವಾನಿನಂತೆ ಕಾಣಬೇಕೆಂದು ಸಂಸ್ಥೆಯು ಅಪೇಕ್ಷಿಸುತ್ತದೆ. ಪಕ್ಕದಲ್ಲಿ ಎರಡು ಅಥವಾ ಹೆಚ್ಚು ಕಿಟಕಿಗಳು, ಬಿಸಿಲು ಚಪ್ಪರ ಕಟ್ಟುವ ಸರಳು, ಎರಡೂ ಬದಿಯ ಚಿತ್ರಾಲಂಕಾರ, ಸ್ಥಿರವಾದ ಎತ್ತರದ ಛಾವಣಿ ಮುಂತಾದವು ಅದರ ಲಕ್ಷಣಗಳು. ಎತ್ತರಿಸಿ ಇಳಿಸುವ ಛಾವಣಿಯನ್ನು ಇದರಲ್ಲಿ ಪರಿಗಣಿಸುವುದಿಲ್ಲ. ಹೀಗಾಗಿ ನಮೂದು ಖಂಡಿತ ಬದಲಾಗುತ್ತದೆ ಎಂಬ ಮಾರಾಟಗಾರರ ಭರವಸೆಯನ್ನು ಎಚ್ಚರಿಕೆಯಿಂದ ನೋಡಬೇಕಾಗುತ್ತದೆ. ನಮೂದು ಏನೇ ಇರಲಿ, ಮಾರ್ಪಾಡಿನ ವಿವರವನ್ನು ವಿಮಾ ಸಂಸ್ಥೆಗೆ ತಿಳಿಸುವುದು ಅಗತ್ಯ.

ಇಂಗ್ಲೆಂಡಿನಲ್ಲಿ ವಿಭಜಕವಿಲ್ಲದ ರಸ್ತೆಗಳಲ್ಲಿ ಸಾಮಾನ್ಯ ವ್ಯಾನಿನ ವೇಗಮಿತಿ ಗಂಟೆಗೆ 50 ಮೈಲಿ, ವಿಭಜಕವಿರುವ ರಸ್ತೆಗಳಲ್ಲಿ 60 ಮೈಲಿ. ಹೇರು ರಹಿತ ತೂಕ 3.05 ಟನ್ ಮೀರದ ಮೋಟಾರ್ ಕ್ಯಾರವಾನಿಗೆ ಇವು ಕ್ರಮವಾಗಿ 60 ಮತ್ತು 70 ಮೈಲಿ.

ಒಪ್ಪಂದ ಮತ್ತು ಹಣ ಪಾವತಿ

ಪರಿವರ್ತನೆಯ ಕೆಲಸಕ್ಕೆ ದೊಡ್ಡ ಮೊತ್ತವನ್ನು ಮುಂಗಡವಾಗಿ ನೀಡಬೇಕಾಗುತ್ತದೆ. ಕೆಲಸ ಮುಗಿಯುವ ಮುನ್ನ ಸಂಸ್ಥೆಯು ದಿವಾಳಿಯಾದರೆ ಗ್ರಾಹಕರು ಸಾಮಾನ್ಯವಾಗಿ ಭದ್ರತೆಯಿಲ್ಲದ ಸಾಲಗಾರರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ; ಬ್ಯಾಂಕು ಮೊದಲಾದವರ ಬಾಕಿ ತೀರಿದ ಬಳಿಕ ಉಳಿದದ್ದರಲ್ಲಿ ಮಾತ್ರ ಅವರಿಗೆ ಪಾಲು. ಈ ಅಪಾಯವನ್ನು ಕಡಿಮೆ ಮಾಡಲು ಕೆಳಗಿನ ಕ್ರಮಗಳು ಬಳಕೆಯಲ್ಲಿವೆ:

• ಕಂಪನೀಸ್ ಹೌಸ್‌ನ ಜಾಲತಾಣದಲ್ಲಿ ಸಂಸ್ಥೆಯ ವಾರ್ಷಿಕ ಲೆಕ್ಕಪತ್ರಗಳನ್ನು ಉಚಿತವಾಗಿ ಪರಿಶೀಲಿಸುವುದು. ಲೆಕ್ಕಪತ್ರ ಸಲ್ಲಿಕೆಯಲ್ಲಿ ವಿಳಂಬವಾಗಿದ್ದರೆ ಅದನ್ನು ಎಚ್ಚರಿಕೆಯ ಸೂಚನೆಯೆಂದು ಭಾವಿಸಲಾಗುತ್ತದೆ.
• ಕೆಲಸದ ಹಂತಗಳಿಗೆ ಅನುಗುಣವಾಗಿ ಕಂತುಗಳಲ್ಲಿ ಪಾವತಿಸುವುದು, ಕೊನೆಯ ಕಂತನ್ನು ತೂಕ ಹಾಗೂ ಪ್ರಮಾಣಪತ್ರಗಳು ಕೈಸೇರಿದ ನಂತರ ನೀಡುವುದು.
• ವ್ಯಾನಿನ ನೋಂದಣಿಯನ್ನು ತಮ್ಮ ಹೆಸರಿನಲ್ಲಿಯೇ ಇಟ್ಟುಕೊಂಡು, ಖರೀದಿಯ ರಸೀದಿಯನ್ನು ಕಾಯ್ದಿರಿಸುವುದು.
• ಮುಂಗಡದ ಒಂದು ಭಾಗವನ್ನು ಕ್ರೆಡಿಟ್ ಕಾರ್ಡಿನಿಂದ ಪಾವತಿಸುವುದು. 1974ರ ಗ್ರಾಹಕ ಸಾಲ ಕಾಯಿದೆಯ 75ನೇ ಕಲಮಿನ ಪ್ರಕಾರ, 100 ಪೌಂಡಿಗಿಂತ ಹೆಚ್ಚಿನ ಮತ್ತು 30,000 ಪೌಂಡ್ ಮೀರದ ಬೆಲೆಯ ಖರೀದಿಯಲ್ಲಿ ಕಾರ್ಡ್ ನೀಡಿದ ಸಂಸ್ಥೆಯೂ ಸಮಾನ ಹೊಣೆ ಹೊರುತ್ತದೆ.

2015ರ ಗ್ರಾಹಕ ಹಕ್ಕುಗಳ ಕಾಯಿದೆಯು ಸೇವೆಯನ್ನು ಸಮಂಜಸವಾದ ಎಚ್ಚರಿಕೆ ಮತ್ತು ಕೌಶಲದಿಂದ ಒದಗಿಸಬೇಕೆಂದು ವಿಧಿಸುತ್ತದೆ.

ಭಾರತದಲ್ಲಿ

ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ವಾಹನದ ಮಾರ್ಪಾಡನ್ನು ನಿಯಂತ್ರಿಸುತ್ತದೆ. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪು ನೀಡಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು.

ಮೋಟಾರ್ ಕ್ಯಾರವಾನುಗಳ ಮಾದರಿ ಅನುಮೋದನೆಗೆ ಎಐಎಸ್-124 ಎಂಬ ಮಾನಕವಿದೆ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಮುಂತಾದ ಸಂಸ್ಥೆಗಳಿಗೆ ವಾಹನಗಳನ್ನು ಪರೀಕ್ಷಿಸಿ ಅನುಮೋದಿಸುವ ಅಧಿಕಾರವಿದೆ. ಆದ್ದರಿಂದ ಕರ್ನಾಟಕವೂ ಸೇರಿದಂತೆ ಭಾರತದಲ್ಲಿ ಪರಿವರ್ತಕರನ್ನು ಆರಿಸುವಾಗ ಮೊದಲು ಕೇಳಬೇಕಾದುದು ಅವರ ವಿನ್ಯಾಸಕ್ಕೆ ಇಂತಹ ಅನುಮೋದನೆ ಇದೆಯೇ ಎಂಬುದನ್ನು. ಅದಿಲ್ಲದ ವಾಹನವನ್ನು ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ನೋಂದಣಿಗೂ, ಅಪಘಾತದ ನಂತರ ವಿಮಾ ಪರಿಹಾರಕ್ಕೂ ತೊಡಕು ಎದುರಾಗಬಹುದು. ಕೇರಳ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿ, 'ಕೇರವಾನ್ ಕೇರಳ' ಎಂಬ ಹೆಸರಿನಲ್ಲಿ ಇಂತಹ ವಾಹನಗಳಿಗೆ ಪ್ರೋತ್ಸಾಹ ನೀಡತೊಡಗಿತು.