ಬಿಡಿಯಾಗಿ ಜಾಣರು, ಜೊತೆಯಾದರೆ?

ನೊಣದ ಬಗ್ಗೆ ಒಂದು ಪುಸ್ತಕ. ಬೆಲೆ 2 ಕೋಟಿ 36 ಲಕ್ಷ ಡಾಲರಿಗೂ ಹೆಚ್ಚು. ಅಂಚೆ ವೆಚ್ಚ ಬೇರೆ!

2011ರ ಏಪ್ರಿಲ್ 18ರಂದು ಅಮೆಜಾನ್ ಮಳಿಗೆಯಲ್ಲಿ ಪೀಟರ್ ಲಾರೆನ್ಸ್ ಬರೆದ ‘ದಿ ಮೇಕಿಂಗ್ ಆಫ್ ಎ ಫ್ಲೈ’ ಗ್ರಂಥಕ್ಕೆ ಹೀಗೊಂದು ಬೆಲೆಚೀಟಿ ಅಂಟಿಕೊಂಡಿತ್ತು. ಅಂಟಿಸಿದ್ದು ಮನುಷ್ಯರಲ್ಲ, ಎರಡು ಕಂಪ್ಯೂಟರ್ ಪ್ರೋಗ್ರಾಮುಗಳು. ಹೊಸ ಪ್ರತಿ ಮಾರುತ್ತಿದ್ದವರು ಇಬ್ಬರೇ. ಒಬ್ಬನ ಪ್ರೋಗ್ರಾಮು ದಿನಕ್ಕೊಮ್ಮೆ ಎದುರಾಳಿಯ ಬೆಲೆ ನೋಡಿ ಅದರ 0.9983ರಷ್ಟಕ್ಕೆ ತನ್ನದನ್ನು ಇಳಿಸಿಕೊಳ್ಳುತ್ತಿತ್ತು. ಕೊಂಚ ಅಗ್ಗವಾದರೆ ಗಿರಾಕಿ ತನ್ನತ್ತ ಬರುತ್ತಾನೆಂಬ ಲೆಕ್ಕ. ಇನ್ನೊಬ್ಬನದು ಮೊದಲಿನವನ ಬೆಲೆಯನ್ನು ಸುಮಾರು 1.27ರಿಂದ ಗುಣಿಸುತ್ತಿತ್ತು. ಬಹುಶಃ ಅವನ ಬಳಿ ಪುಸ್ತಕವೇ ಇರಲಿಲ್ಲ. ಯಾರಾದರೂ ಕೇಳಿದರೆ ಮೊದಲಿನವನಿಂದ ಕೊಂಡು ಕೊಡುವ ಹೂಟ. ಎರಡೂ ವ್ಯಾಪಾರದ ಮಾತೇ. ಆದರೆ ಗುಣಿಸಿ ನೋಡಿ: ಸುತ್ತಿಗೆ ಶೇಕಡಾ 27ರಷ್ಟು ಏರಿಕೆ. ಹತ್ತು ದಿನಗಳಲ್ಲಿ 22 ಲಕ್ಷ ಡಾಲರು ಎರಡು ಕೋಟಿ ದಾಟಿತು. ಬರ್ಕ್ಲಿಯ ಜೀವವಿಜ್ಞಾನಿ ಮೈಕೆಲ್ ಐಸೆನ್ ಇದನ್ನು ಲೆಕ್ಕ ಹಾಕಿ ಬಯಲಿಗೆಳೆದರು.

ಇಂಥ ಪ್ರೋಗ್ರಾಮಿಗೆ ‘ಏಜೆಂಟ್’ ಎಂದು ಹೆಸರು. ವಿಮೆ ಏಜೆಂಟರ ಹಾಗೆಯೇ ಇದು ಯಜಮಾನನ ಪರವಾಗಿ ಓಡಾಡುತ್ತದೆ. ಸುತ್ತ ನೋಡಿ, ತಾನೇ ತೀರ್ಮಾನಿಸಿ, ಹೆಜ್ಜೆಹೆಜ್ಜೆಗೂ ಅಪ್ಪಣೆ ಕೇಳದೆ ಕೆಲಸ ಮಾಡುತ್ತದೆ. ಹಲವು ಏಜೆಂಟ್‌ಗಳು ಒಂದೆಡೆ ಸೇರಿದಾಗಲೇ ತೊಡಕು. ಮೇಲಿನ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷೆಗೆ ಕೂರಿಸಿದ್ದರೆ ಎರಡೂ ಪಾಸು. ತಪ್ಪು ಇದ್ದದ್ದು ಇವೆರಡರ ನಡುವೆ. ಬೆಲೆಗೊಂದು ಮೇಲ್ಮಿತಿ ಬರೆದಿದ್ದರೆ ಸಾಕಿತ್ತು. ಎದುರಿಗಿರುವುದೂ ಯಂತ್ರವೇ ಎಂದು ವಿನ್ಯಾಸಕಾರನಿಗೆ ಹೊಳೆದಿರಬೇಕಿತ್ತು, ಅಷ್ಟೆ.

ನೊಣದ ಪುಸ್ತಕಕ್ಕೆ ನಕ್ಕು ಸುಮ್ಮನಾಗಬಹುದು. ಅಂಥದೇ ನಡುವಿನ ತಪ್ಪು ಭೂಮಿಯಿಂದ ಸುಮಾರು ಹತ್ತು ಕೋಟಿ ಕಿಲೋಮೀಟರ್ ದೂರದ ನೌಕೆಯೊಂದರಲ್ಲಿ ಕಾಣಿಸಿಕೊಂಡಾಗ ಯಾರೂ ನಗಲಿಲ್ಲ.

‘ನಾಸಾ’ 1998ರ ಅಕ್ಟೋಬರಿನಲ್ಲಿ ಹಾರಿಬಿಟ್ಟ ‘ಡೀಪ್ ಸ್ಪೇಸ್-1’ ನೌಕೆಯ ಉಸ್ತುವಾರಿಯನ್ನು 1999ರ ಮೇ 17ರಂದು ‘ರಿಮೋಟ್ ಏಜೆಂಟ್’ ಎಂಬ ಸಾಫ್ಟ್‌ವೇರಿಗೆ ಪ್ರಯೋಗಾರ್ಥ ಒಪ್ಪಿಸಲಾಯಿತು. ಅದರೊಳಗೆ ಮೂರು ಭಾಗ: ಯೋಜನೆ ಹಾಕುವವನು, ಜಾರಿಗೊಳಿಸುವವನು, ಯಾವ ಭಾಗ ಕೆಟ್ಟಿದೆಯೆಂದು ನಾಡಿ ಹಿಡಿದು ನೋಡುವ ವೈದ್ಯ. (ಈ ವೈದ್ಯನ ರೂವಾರಿಗಳು ಬ್ರಯನ್ ವಿಲಿಯಮ್ಸ್ ಮತ್ತು ಪಾಂಡುರಂಗ ನಾಯಕ್.) ಮರುದಿನವೇ ಯಡವಟ್ಟು. ಅಯಾನ್ ಎಂಜಿನ್ ಆರಿಸುವ ಹೊತ್ತು ಬಂತು, ಆಜ್ಞೆ ಹೊರಡಲಿಲ್ಲ. ನೌಕೆ ಗಟ್ಟಿಮುಟ್ಟಾಗಿತ್ತು, ಏಜೆಂಟ್ ಮಾತ್ರ ಮೌನ.

ಜಾರಿಗೊಳಿಸುವವನ ಕೈಕೆಳಗೆ ಏಕಕಾಲಕ್ಕೆ ಓಡುವ ಹಲವು ಕೆಲಸಗಾರ ಪ್ರೋಗ್ರಾಮುಗಳಿದ್ದವು. ಅವುಗಳಲ್ಲೊಂದು ಬಾಗಿಲ ಕಡೆ ನೋಡಿ, ಅಂಚೆಯವ ಬಂದಿಲ್ಲವೆಂದು ಮಲಗಿತು ಅನ್ನಿ. ನೋಡುವುದಕ್ಕೂ ಮಲಗುವುದಕ್ಕೂ ನಡುವಣ ಕ್ಷಣದಲ್ಲೇ ಅಂಚೆಯವ ಬಂದು, ಕದ ತಟ್ಟಿ ಹೋಗಿದ್ದ. ಇನ್ನು ಎಬ್ಬಿಸುವವರಿಲ್ಲ, ಇದು ಏಳಲೆಂದು ಅದು, ಅದು ಕರೆಯಲೆಂದು ಇದು ಕಾಯುತ್ತ ಕುಳಿತವು. ಈ ಕೂದಲೆಳೆಯ ಕ್ಷಣ ನೆಲದ ಮೇಲಿನ ಪರೀಕ್ಷೆಗಳಲ್ಲಿ ಒಮ್ಮೆಯೂ ಕೂಡಿಬಂದಿರಲಿಲ್ಲ.

ಮತ್ತೆ ಮತ್ತೆ ಓಡಿಸಿ ನೋಡುವ ಪರೀಕ್ಷೆ ಇಲ್ಲಿ ಸೋಲುವುದು ಸಹಜ. ಹತ್ತು ಏಜೆಂಟ್, ಒಂದೊಂದಕ್ಕೆ ಹತ್ತು ಸ್ಥಿತಿ ಎಂದರೂ ಒಟ್ಟು ಜೋಡಣೆಗಳು ಸಾವಿರ ಕೋಟಿ. ಆದ್ದರಿಂದ ಸಾಫ್ಟ್‌ವೇರಿನ ಸಾರವನ್ನಷ್ಟೇ ಹಿಂಡಿ ಪುಟ್ಟ ಮಾದರಿ ಕಟ್ಟುತ್ತಾರೆ. ಆ ಮಾದರಿಯಲ್ಲಿ ಯಾರು ಮೊದಲು, ಯಾರು ನಂತರ ಎಂಬ ಸಾಧ್ಯತೆಗಳನ್ನೆಲ್ಲ ಕಂಪ್ಯೂಟರೇ ಒಂದೂ ಬಿಡದೆ ಜಾಲಾಡುತ್ತದೆ. ಬೆಲ್ ಲ್ಯಾಬ್ಸ್‌ನ ಜೆರಾರ್ಡ್ ಹೋಲ್ಜ್‌ಮನ್ ಇದಕ್ಕೆಂದೇ ‘ಸ್ಪಿನ್’ ಎಂಬ ಸಾಧನ ರೂಪಿಸಿದ್ದರು. 1997ರಲ್ಲೇ ನಾಸಾದ ಏಮ್ಸ್ ಕೇಂದ್ರದವರು ರಿಮೋಟ್ ಏಜೆಂಟಿನ ಒಂದು ಭಾಗವನ್ನು ಸ್ಪಿನ್‌ನಿಂದ ಜಾಲಾಡಿ ಐದು ದೋಷ ಹೆಕ್ಕಿದ್ದರು. ಬಾಹ್ಯಾಕಾಶದಲ್ಲಿ ಕಾಡಿದ್ದು ಅವುಗಳಲ್ಲೊಂದರ ಅವಳಿಯೇ. ಅದು ಅಡಗಿದ್ದದ್ದು ಯಾರೂ ಜಾಲಾಡದ ಪಕ್ಕದ ಭಾಗದಲ್ಲಿ. ಸಮಯ, ಹಣ ಇದ್ದಷ್ಟೇ ಜಾಲಾಟ. ಮಾದರಿ ಕಟ್ಟುವವರು ಏನನ್ನು ಬಿಡಬೇಕೆಂದು ಆರಿಸುವಾಗಲೇ ಅರ್ಧ ಅದೃಷ್ಟ ನಿರ್ಧಾರವಾಗಿರುತ್ತದೆ.

ಕಾರಣ ತಿಳಿದ ಮೇಲೂ ಎಂಜಿನಿಯರರು ನೌಕೆಗೆ ತಿದ್ದುಪಡಿ ಕಳಿಸಲಿಲ್ಲ. ಆ ಕ್ಷಣ ಮತ್ತೆ ಕೂಡಿಬರುವ ಸಂಭವ ಕಡಿಮೆ, ಅವಸರದ ರಿಪೇರಿಯೇ ಹೆಚ್ಚು ಅಪಾಯ ಎಂದು ಅವರ ಅಂದಾಜು. ಮೇ 21ರಂದು ಏಜೆಂಟನ್ನು ಮತ್ತೆ ಎಬ್ಬಿಸಿದರು. ದೋಷವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅದು ಉಳಿದ ಕೆಲಸವನ್ನೆಲ್ಲ ಮುಗಿಸಿಕೊಟ್ಟಿತು.