ಮಂಜಿಗೂ ಕಂಬಳಿ!

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಹೆಸರು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಸ್ವಿಜರ್ಲೆಂಡಿನ ಅದೇ ಬಾಸೆಲ್ ಪಟ್ಟಣದಿಂದ ನಾನೂ ನನ್ನ ಹೆಂಡತಿಯೂ ಬಾಡಿಗೆ ಕ್ಯಾಂಪರ್ ವ್ಯಾನ್ ಹತ್ತಿ ಆಲ್ಪ್ಸ್ ಬೆಟ್ಟಗಳತ್ತ ಹೊರಟೆವು. ವ್ಯಾನಿನೊಳಗೇ ಹಾಸಿಗೆ, ಒಲೆ, ನೀರಿನ ಟ್ಯಾಂಕ್. ಆದರೆ ಸ್ಟೀರಿಂಗ್ ಎಡಕ್ಕೆ, ಓಡಿಸಬೇಕಾದದ್ದು ರಸ್ತೆಯ ಬಲಕ್ಕೆ! ಚಾರ್ಮಾಡಿಯ ತಿರುವುಗಳಲ್ಲಿ ಪಳಗಿದವನೆಂಬ ನನ್ನ ಜಂಬ ಮೊದಲ ದಿನವೇ ಇಳಿಯಿತು.

ಫುರ್ಕಾ ಘಾಟಿಯ ನೆತ್ತಿ 2,429 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಗಿಂತಲೂ ಮೇಲೆ. ಅಲ್ಲಿ ಗಂಜಿಗಿಟ್ಟ ಕುಚ್ಚಲಕ್ಕಿ ಎಷ್ಟು ಹೊತ್ತಾದರೂ ಬೇಯಲೊಲ್ಲದು. ಅಷ್ಟೆತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ.

“ಕುಕ್ಕರ್ ತಕೊಳ್ಳುವ ಅಂತ ನಾನು ಹೇಳಿದ್ದೆ ಅಲ್ವಾ?” ಎಂದಳು ಹೆಂಡತಿ. ನಾನು ಅರೆಬೆಂದದ್ದನ್ನೇ ಉಪ್ಪಿನಕಾಯಿ ನೆಂಚಿಕೊಂಡು ಉಂಡೆ.

ಘಾಟಿ ಇಳಿಯುವಾಗ ರೋನ್ ಹಿಮನದಿ ಕಂಡಿತು. ಅದರ ಅಂಚಿಗೆ ಬಿಳಿ ಕಂಬಳಿ ಹೊದಿಸಿದ್ದರು! ವಿಡಿಯೋ ಕರೆಯಲ್ಲಿ ಮೊಮ್ಮಗಳಿಗೆ ತೋರಿಸಿದೆ.

“ಅಜ್ಜ, ಹೊದಿಸಿದರೆ ಬೆಚ್ಚಗಾಗಿ ಕರಗುವುದಿಲ್ವಾ?”

“ಬಂದರಿನಲ್ಲಿ ಮಂಜುಗಡ್ಡೆಗೆ ಗೋಣಿ ಮುಚ್ಚುವುದು ಯಾಕೆ ಪುಟ್ಟಿ?”

ಸ್ವಲ್ಪ ಯೋಚಿಸಿದಳು. “ಹೊರಗಿನ ಬಿಸಿ ಒಳಗೆ ಹೋಗದ ಹಾಗೆ!”

ಸರಿಯಾಗಿಯೇ ಹೇಳಿದಳು. ಬಿಳಿ ಬಟ್ಟೆ ಬಿಸಿಲನ್ನೂ ಹಿಂದಕ್ಕೆ ಕಳಿಸುತ್ತದೆ. ಆದರೂ ಮಂಜು ಕರಗುವುದು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ನೂರೈವತ್ತು ವರ್ಷಗಳ ಹಿಂದೆ ಈ ಹಿಮನದಿ ಕೆಳಗಿನ ಗ್ಲೆಚ್ ಊರಿನ ಹತ್ತಿರದವರೆಗೂ ಚಾಚಿತ್ತಂತೆ. ಈಗ ಬಂಡೆಯ ಮೇಲಕ್ಕೆ ಸರಿದಿದೆ. ಅದರ ಮುಂದೆ ಕರಗಿದ ನೀರಿನದೇ ಒಂದು ಕೆರೆ.

“ಹಾಗಾದರೆ ಕಂಬಳಿ ಹೊದಿಸದ ಕಡೆ?” ಎಂದಳು ಮೊಮ್ಮಗಳು.

ನಾನು ಫೋನನ್ನು ಆ ಕೆರೆಯ ಕಡೆಗೆ ತಿರುಗಿಸಿದೆ.