ತಂದೆಗೆ ಕೊಡುವ ಬಾಡಿಗೆ ಮತ್ತು ನಮ್ಮ ಅರ್ಜಿಯ ಆದಾಯದ ಕಾಲಂ



ವಿದ್ಯಾರ್ಥಿವೇತನದ ಅರ್ಜಿಯ ಜೊತೆ, ಬೇರೆ ಸಂಸಾರ ಮಾಡಿಕೊಂಡಿರುವ ಮಕ್ಕಳೂ ಸೇರಿದಂತೆ, ಸಂಬಳ ತರುವವರೆಲ್ಲರ ಫಾರಂ 16 ಕೊಡಬೇಕೆಂದು ನಾವು ಕೇಳುತ್ತೇವೆ. ಯಾಕೆ ಕೇಳುತ್ತೀರಿ ಎಂದು ಹಲವರು ಬೇಸರಪಟ್ಟಿದ್ದುಂಟು. ಈ ವರ್ಷ ಬಂದ ಒಂದು ಅರ್ಜಿಯ ವಿಷಯ ಹೇಳಿದರೆ ಕಾರಣ ತಿಳಿಯಬಹುದು.

ಮಗಳ ನರ್ಸಿಂಗ್ ಓದಿಗೆ ಅರ್ಜಿ ಹಾಕಿದ್ದ ತಂದೆ, ಚಿಕ್ಕ ಅಂಗಡಿಯ ಆದಾಯ ವರ್ಷಕ್ಕೆ 1,50,000 ರೂಪಾಯಿ ಎಂದು ಬರೆದಿದ್ದರು. ನಮ್ಮ ಮಿತಿ 2,50,000. ಮಹಡಿಯ ಮೇಲೆ ಹಿರಿಯ ಮಗನ ಸಂಸಾರ, ಒಲೆ ಬೇರೆ, ರೇಷನ್ ಕಾರ್ಡೂ ಬೇರೆ. ಆ ಮಗನ ಫಾರಂ 16ರಲ್ಲಿ ಮನೆ ಬಾಡಿಗೆ ಭತ್ಯೆಯ ಮೇಲೆ 84,000 ರೂಪಾಯಿ ವಿನಾಯಿತಿ ತೋರಿಸಿತ್ತು.

"ಬಾಡಿಗೆ ಯಾರಿಗೆ ಕೊಡ್ತಾನೆ?" ಎಂದು ಕೇಳಿದೆ.

"ನನಗೇ ಸಾರ್. ತಿಂಗಳಿಗೆ ಹದಿನೈದು ಸಾವಿರ. ಕಾಗದದಲ್ಲಿ ಮಾತ್ರ. ರಶೀದಿಗೆ ಸಹಿ ಹಾಕಿ ಅಬ್ಬಾ ಅಂದ, ಹಾಕಿದೆ."

ಆತ ಮುಚ್ಚುಮರೆಯಿಲ್ಲದೆ ಹೇಳಿದ ಮಾತು. ಆದರೆ ಅದರ ಅರ್ಥ ನೋಡಿ. ಸರ್ಕಾರಕ್ಕೆ ಕೊಟ್ಟ ಕಾಗದದ ಪ್ರಕಾರ ಆ ತಂದೆಗೆ ವರ್ಷಕ್ಕೆ 1,80,000 ಬಾಡಿಗೆ ಬರುತ್ತದೆ, ಅಂಗಡಿಯದೂ ಸೇರಿ 3,30,000 ಆಗಿ ನಮ್ಮ ಮಿತಿ ದಾಟುತ್ತದೆ. ನಮಗೆ ಕೊಟ್ಟ ಕಾಗದದ ಪ್ರಕಾರ ಬಾಡಿಗೆಯೇ ಇಲ್ಲ. ಎರಡರಲ್ಲಿ ಒಂದು ಸುಳ್ಳಾಗಲೇಬೇಕು.

ತಂದೆಗೋ ತಾಯಿಗೋ ಬಾಡಿಗೆ ಕೊಟ್ಟು ವಿನಾಯಿತಿ ಪಡೆಯುವುದು ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಅಪರಾಧವೆಂದು ಹೆದರಿಸುವವರೂ ಇದ್ದಾರೆ. 2024-25ಕ್ಕೆ ಅನ್ವಯಿಸಿದ 1961ರ ಆದಾಯ ತೆರಿಗೆ ಕಾಯ್ದೆಯ 10(13ಎ) ಕಲಂನಲ್ಲಿ ಮಾಲೀಕ ಸಂಬಂಧಿಕನಾಗಿರಬಾರದು ಎಂಬ ಮಾತಿರಲಿಲ್ಲ. ಇರುವ ಷರತ್ತು ಎರಡು: ನೌಕರ ವಾಸವಿರುವ ಮನೆ ಅವನ ಸ್ವಂತದ್ದಾಗಿರಬಾರದು, ಬಾಡಿಗೆಯನ್ನು ಅವನು ನಿಜವಾಗಿ ಕೊಟ್ಟಿರಬೇಕು. ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಊರಿನ ಮನೆಗೆ ಬಾಡಿಗೆ ತೋರಿಸಿದರೆ ಅದು ನಡೆಯದು. ಹೆಂಡತಿಗೆ ಬಾಡಿಗೆ ಕೊಡುತ್ತೇನೆಂಬುದು ವಿವಾದಕ್ಕೆ ದಾರಿ, ಆ ಗೋಜು ಬೇಡವೆಂಬುದು ನನ್ನ ಸಲಹೆ.

"ನಿಜವಾಗಿ" ಎಂಬ ಪದದಲ್ಲೇ ಎಲ್ಲ ಇದೆ. 2017ರಲ್ಲಿ ಮುಂಬೈನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ, ತಾಯಿಗೆ ಬಾಡಿಗೆ ಕೊಟ್ಟೆನೆಂದ ಮಗಳೊಬ್ಬರ ವಿನಾಯಿತಿಯನ್ನು ತಳ್ಳಿಹಾಕಿತು. ರಶೀದಿ ಇತ್ತು. ಆದರೆ ಕೊಟ್ಟದ್ದು ನಗದು ಎಂದರು, ಅದಕ್ಕೆ ಬ್ಯಾಂಕಿನ ಆಧಾರವಿರಲಿಲ್ಲ, ಕರಾರು ಪತ್ರವೂ ಇರಲಿಲ್ಲ. ಹಾಗಾಗಿ ರಶೀದಿ ಪುಸ್ತಕವನ್ನು ನಂಬಿ ಕೂರಬೇಡಿ. ಇ-ಸ್ಟಾಂಪ್ ಕಾಗದದ ಮೇಲೆ ಕರಾರು ಮಾಡಿಕೊಳ್ಳಿ, ಪ್ರತಿ ತಿಂಗಳು ಮಗನ ಖಾತೆಯಿಂದ ತಂದೆಯ ಖಾತೆಗೆ ಹಣ ಹೋಗಲಿ. ತಂದೆ ಅದರಲ್ಲಿ ಅಕ್ಕಿ ತರಲಿ, ಮಗಳ ಫೀಸು ಕಟ್ಟಲಿ, ಅದು ಅವರ ಹಣ. ಆದರೆ ಮಾರನೇ ದಿನವೇ ಮಗನ ಖಾತೆಗೆ ವಾಪಸು ಬಂದರೆ ಅದನ್ನು ಬಾಡಿಗೆ ಎಂದು ಯಾರೂ ಒಪ್ಪುವುದಿಲ್ಲ. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ನಂಬರನ್ನು ಕಚೇರಿಗೆ ಕೊಡಬೇಕು. ತಂದೆಯ ಪ್ಯಾನ್‌ನಲ್ಲಿ ಬಾಡಿಗೆ ಆದಾಯ ಕಾಣದಿದ್ದರೆ ತಾಳೆ ಬೀಳದ್ದು ಇಲಾಖೆಗೆ ಗೊತ್ತಾಗುತ್ತದೆ. ಸುಳ್ಳು ಲೆಕ್ಕ ಎಂದು ಸಾಬೀತಾದರೆ ದಂಡ ತಪ್ಪಿಸಿದ ತೆರಿಗೆಯ ಎರಡು ಪಟ್ಟು.

ತಂದೆಯ ಕಡೆ ಲೆಕ್ಕ ಅಷ್ಟೇನೂ ಭಾರವಲ್ಲ. ಬಾಡಿಗೆ 1,80,000ದಲ್ಲಿ ಕಟ್ಟಿದ ಮನೆ ಕಂದಾಯ, ಒಂದು 5,000 ಇರಲಿ, ಕಳೆದರೆ 1,75,000. ಅದರಲ್ಲಿ ಶೇಕಡಾ 30ರಷ್ಟು ದುರಸ್ತಿ ವಗೈರೆಗೆಂದು ಕಾಯ್ದೆಯೇ ಬಿಡುತ್ತದೆ. ಉಳಿಯುವುದು 1,22,500. ಅಂಗಡಿಯದೂ ಸೇರಿ 2,72,500, ಅಂದರೆ ಮೂರು ಲಕ್ಷದ ಒಳಗೇ. ತೆರಿಗೆ ಇಲ್ಲ.

ಇನ್ನು ಮಗನ ಕಡೆ. ನಾನು ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು, ಲೆಕ್ಕ ಕಂಡರೆ ಸುಮ್ಮನಿರಲಾಗುವುದಿಲ್ಲ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 80,000. ಬಾಡಿಗೆ ಭತ್ಯೆ 16,000. ವಿನಾಯಿತಿ ಸಿಗುವುದು ಮೂರು ಮೊತ್ತಗಳಲ್ಲಿ ಅತಿ ಕಡಿಮೆಯದಕ್ಕೆ. ಪಡೆದ ಭತ್ಯೆ 1,92,000. ಕೊಟ್ಟ ಬಾಡಿಗೆಯಲ್ಲಿ ವೇತನದ ಹತ್ತನೇ ಒಂದು ಭಾಗ ಕಳೆದರೆ 84,000. ವೇತನದ ಶೇಕಡಾ 40 ಎಂದರೆ 3,84,000 (ಮುಂಬೈ, ದೆಹಲಿ, ಕೋಲ್ಕತ್ತಾ, ಚೆನ್ನೈಗಳಲ್ಲಿ ಮಾತ್ರ ಶೇಕಡಾ 50, 2024-25ರ ನಿಯಮದಲ್ಲಿ ಬೆಂಗಳೂರಿಗೂ 40 ಅಷ್ಟೇ). ಸಿಕ್ಕಿದ್ದು 84,000.

ಈ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಆ ಹುಡುಗ ಅದನ್ನೇ ಆರಿಸಿದ್ದ. ವಿಮೆ, ಭವಿಷ್ಯನಿಧಿ ಎಂದು ಒಂದೂವರೆ ಲಕ್ಷ ಕಳೆದ ಮೇಲೂ 2024-25ಕ್ಕೆ ಅವನ ತೆರಿಗೆ ಸುಮಾರು 89 ಸಾವಿರ. ಹೊಸ ಪದ್ಧತಿಯಲ್ಲಿ, ಬಾಡಿಗೆಯ ಮಾತೇ ಇಲ್ಲದೆ, ಸುಮಾರು 64 ಸಾವಿರ. ಅಪ್ಪನ ಕೈಯಲ್ಲಿ ಹನ್ನೆರಡು ಸುಳ್ಳು ರಶೀದಿಗೆ ಸಹಿ ಹಾಕಿಸಿ ಇಪ್ಪತ್ತೈದು ಸಾವಿರ ಹೆಚ್ಚಿಗೆ ಕಟ್ಟಿದ್ದ! 2025-26ಕ್ಕಂತೂ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12,75,000ದವರೆಗೆ ತೆರಿಗೆಯೇ ಇಲ್ಲ.

ಅವನಿನ್ನೂ ರಿಟರ್ನ್ ಸಲ್ಲಿಸಿರಲಿಲ್ಲ. ಸಂಬಳದಾರರು ರಿಟರ್ನ್ ಸಲ್ಲಿಸುವಾಗಲೂ ಪದ್ಧತಿ ಬದಲಿಸಬಹುದು. ಅವನು ಬಾಡಿಗೆಯ ಲೆಕ್ಕ ಕೈಬಿಟ್ಟು ಹೊಸ ಪದ್ಧತಿಯಲ್ಲೇ ಸಲ್ಲಿಸಿ ಪ್ರತಿಯನ್ನು ತಂದುಕೊಟ್ಟ. ತಂದೆಯ ಆದಾಯ 1,50,000 ಎಂಬುದೇ ನಿಜವಾಗಿ ಉಳಿಯಿತು. ಹುಡುಗಿಗೆ ವೇತನ ಮಂಜೂರಾಗಿದೆ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕು ಹೆಚ್ಚು. ತಂದೆ ತೀರಿಹೋಗಿ ಎಷ್ಟೋ ವರ್ಷವಾದರೂ ಖಾತಾ ಅವರ ಹೆಸರಿನಲ್ಲೇ ಇರುತ್ತದೆ. ಮಗ ತಾಯಿಗೆ ಬಾಡಿಗೆ ಕೊಡುತ್ತೇನೆಂದು ಬರೆಯುತ್ತಾನೆ. ಶರೀಅತ್ ಪ್ರಕಾರ ತಂದೆ ಕಣ್ಣು ಮುಚ್ಚಿದ ಗಳಿಗೆಯಲ್ಲೇ ವಾರಸುದಾರರಿಗೆ ಪಾಲು ಬರುತ್ತದೆ, ಖಾತಾ ಬದಲಾಗಲಿ ಬಿಡಲಿ. ಮಕ್ಕಳಿದ್ದರೆ ತಾಯಿಗೆ ಎಂಟನೇ ಒಂದು ಭಾಗ. ಉಳಿದದ್ದರಲ್ಲಿ ಆ ಮಗನೂ ಪಾಲುದಾರ, ಅವನ ಅಕ್ಕತಂಗಿಯರೂ ಪಾಲುದಾರರು. ತಾನೂ ಮಾಲೀಕನಾದ ಮನೆಗೆ ಪೂರ್ತಿ ಬಾಡಿಗೆ ತಾಯಿಗೆ ಕೊಟ್ಟೆ ಎಂಬ ಲೆಕ್ಕ ನಿಲ್ಲುವುದು ಕಷ್ಟ. ತಂದೆ ಬದುಕಿದ್ದಾಗಲೇ ಮನೆಯನ್ನು ಹಿಬಾ ಮಾಡಿ ಮಗನ ವಶಕ್ಕೆ ಬಿಟ್ಟಿದ್ದರೂ ಇದೇ ಮಾತು. ಇಂಥವರು ಮೊದಲು ಪಾಲು ತೀರ್ಮಾನಿಸಿ ಖಾತಾ ಸರಿಪಡಿಸಿಕೊಳ್ಳಿ.

ಮುಂದಿನ ಸಾಲಿನ ಅರ್ಜಿಯಲ್ಲಿ ಬಾಡಿಗೆ ಆದಾಯಕ್ಕೆ ಪ್ರತ್ಯೇಕ ಸಾಲು ಇರುತ್ತದೆ. ಒಂದೇ ಒಲೆಯ ಮನೆಯಲ್ಲಿ ಮಗ ತಂದೆಗೆ ಕೊಟ್ಟ ಬಾಡಿಗೆಯನ್ನು ನಾವು ಎರಡು ಸಲ ಎಣಿಸುವುದಿಲ್ಲ. ಅವನ ಸಂಬಳ ಹೇಗೂ ಲೆಕ್ಕಕ್ಕೆ ಬಂದಿರುತ್ತದೆ. ಬೇರೆ ಸಂಸಾರದ ಮಗ ಕೊಡುವ ಬಾಡಿಗೆಯನ್ನು ಮಾತ್ರ ತಂದೆಯ ಆದಾಯಕ್ಕೆ ಸೇರಿಸುತ್ತೇವೆ. ಈಗಾಗಲೇ ತಪ್ಪಾಗಿ ಬರೆದುಕೊಟ್ಟವರು ಸಂಕೋಚಪಡದೆ ಪರಿಶೀಲನೆಗೆ ಮೊದಲೇ ಫಾರಂ 16 ಮತ್ತು ತಂದೆಯ ಪಾಸ್‌ಬುಕ್ ಸಮೇತ ಕಚೇರಿಗೆ ಬನ್ನಿ, ಕೂತು ತಿದ್ದೋಣ.